ಜುಮ್ಕಿ ಹೂವಿಗೆ ಗೂಬೆ ಕಾವಲು

ಒಂದಿಡೀ ಬೇಸಿಗೆ ನಮ್ಮ ಮನೆಯ ಕೆಳಗಿನ ಬಚ್ಚಲಲ್ಲಿ ಒಂದು ಹೂವಿನ ಗಿಡ ಸಂಸಾರ ಹೂಡಿತ್ತು. ಯಾರಿಗೆ ಹೇಳಿದರೂ ನಗುತ್ತಾರೆ, ನಗಲಿ. ಬೇರೆಯವರ ಬಾಲ್ಯದಲ್ಲಿ ಏನೇನೋ ಇರುತ್ತದೆ. ನನ್ನದರಲ್ಲಿ ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ಒಂದು ಇಟ್ಟಿಗೆ ಮನೆ, ಅದರ ಹಿಂದೆ ಸೂರು ಇಳಿಬಿಟ್ಟ, ಪ್ಯಾಟಿಯೊ ಎಂಬ ಸಿಮೆಂಟಿನ ಜಗಲಿ, ಬಾತ್‌ಟಬ್ಬಿನ ಒಂದು ತುದಿಯಲ್ಲಿ ಫ್ಯೂಷಿಯಾ ಗಿಡದ ಬುಟ್ಟಿ, ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಚೊಂಬಿನಿಂದ ನೀರು ಹೊಯ್ದುಕೊಳ್ಳುವ ನನ್ನ ಅಜ್ಜಿ. ಈಗ ಆಸ್ಟಿನ್ನಿನಲ್ಲಿ ನನ್ನದೇ ಮನೆಯಿದೆ, ಉತ್ತರದ ಬಾಲ್ಕನಿಯಲ್ಲಿ ನನ್ನವೇ ಎರಡು ಫ್ಯೂಷಿಯಾ ಇವೆ. ಟೆಕ್ಸಸ್ಸಿನ ಬಿಸಿಲಿಗೆ ಇದು ಬದುಕುತ್ತಾ ಎಂದು ಬಂದವರೆಲ್ಲ ಕೇಳುತ್ತಾರೆ. ಬದುಕುತ್ತದೆ, ಆದರೆ ಅದಕ್ಕಾಗಿ ಮನೆಮಂದಿಯೆಲ್ಲ ಜಗಳವಾಡಲು ತಯಾರಿರಬೇಕು. ನಮ್ಮ ಮನೆಯಲ್ಲಿ ಆ ತಯಾರಿಗೆ ಏನೂ ಕಡಿಮೆ ಇರಲಿಲ್ಲ.

ಗಿಡ ಮನೆಗೆ ಬಂದದ್ದು ಅಮ್ಮನ ಆಸೆಯಿಂದ. ವಸಂತದ ಒಂದು ಶನಿವಾರ ಟೊಮೆಟೊ ಸಸಿ ತರಲೆಂದು ನರ್ಸರಿಗೆ ಹೋದವಳು ಟೊಮೆಟೊ ಮರೆತು ಒಂದು ತೂಗುಬುಟ್ಟಿಯ ಮುಂದೆ ನಿಂತುಬಿಟ್ಟಳು. ನಾನು ಹಿಂದೆಯೇ ಇದ್ದೆ. ಅಂಥ ಹೂವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ತಲೆಕೆಳಗಾಗಿ ನೇತಾಡುತ್ತಿದ್ದವು ಎಲ್ಲವೂ. ಮೇಲೆ ಕೆಂಪು ಎಸಳು ಹಿಂದಕ್ಕೆ ಮಡಚಿಕೊಂಡು, ಕೆಳಗೆ ನೇರಳೆ ಬಣ್ಣದ ಪುಟ್ಟ ಲಂಗ, ಅದರೊಳಗಿಂದ ಇಳಿಬಿದ್ದ ಸಣ್ಣ ಸಣ್ಣ ಕೇಸರ. ಅಮ್ಮ ಒಂದು ಹೂವನ್ನು ಕಿವಿಯ ಪಕ್ಕ ಹಿಡಿದು, ನೋಡೇ, ತೇಟ್ ಜುಮ್ಕಿ, ಎಂದಳು. ನಾನು ಅವಳ ಕಿವಿ ನೋಡಲಿಲ್ಲ. ಬುಟ್ಟಿಯ ಮಣ್ಣಿಗೆ ಚುಚ್ಚಿದ್ದ ಪ್ಲಾಸ್ಟಿಕ್ ಪಟ್ಟಿಯ ಮೇಲಿನ ಚಿತ್ರ ನೋಡುತ್ತಿದ್ದೆ. ಹೂವಿನೊಳಗೆ ಕೊಕ್ಕಿಟ್ಟು ಗಾಳಿಯಲ್ಲೇ ನಿಂತ ಒಂದು ಹಕ್ಕಿ. ಕೆಳಗೆ, ಈ ಹೂವಿಗೆ ಹಮ್ಮಿಂಗ್‌ಬರ್ಡ್ ಬರುತ್ತದೆ ಎಂಬ ಒಂದೇ ಸಾಲು. ಅಷ್ಟು ಸಾಕಾಯಿತು ನನಗೆ. ದಾರಿಯುದ್ದಕ್ಕೂ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೆಲ್ಲ ಕಿಟಕಿಯಿಂದ ಹೊರಗೆ ನೋಡಿದೆ, ಹಕ್ಕಿ ಆಗಲೇ ನಮ್ಮ ಬೆನ್ನು ಹತ್ತಿರಬಹುದು ಎಂದು. ನಾನಾಗ ನಾಲ್ಕನೇ ಕ್ಲಾಸು.

ಮರುದಿನವೇ ಲೈಬ್ರರಿಯಿಂದ ಹಕ್ಕಿಗಳ ಪುಸ್ತಕ ಬಂತು. ಅದನ್ನು ಓದಿದ ಮೇಲೆ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೆಬ್ಬೆರಳಿನಷ್ಟು ಹಕ್ಕಿ, ಹಿಂದಕ್ಕೂ ಹಾರುತ್ತದಂತೆ! ರೆಕ್ಕೆ ಬಡಿಯುವುದು ಕಣ್ಣಿಗೆ ಕಾಣುವುದೇ ಇಲ್ಲವಂತೆ! ಚಳಿಗೆ ಮೆಕ್ಸಿಕೋದ ಕಡೆ ಹೋಗಿ ವಸಂತಕ್ಕೆ ವಾಪಸ್ಸು ಬರುವಾಗ ಸಮುದ್ರವನ್ನೇ ದಾಟುತ್ತದಂತೆ, ಹೋಗುವಾಗಲೂ ಬರುವಾಗಲೂ ನಮ್ಮ ಹ್ಯೂಸ್ಟನ್ನಿನ ಮೇಲೆಯೇ ಹಾಯುತ್ತದಂತೆ! ನಮ್ಮ ಮನೆ ಅದರ ದಾರಿಯಲ್ಲೇ ಇತ್ತು, ನನಗೆ ಯಾರೂ ಹೇಳಿರಲಿಲ್ಲ. ಅಪ್ಪ ಮಾತ್ರ ಗಿಡದ ಸುತ್ತ ಒಂದು ಸುತ್ತು ಬಂದು, ಇದು ಊಟಿಯಲ್ಲಿ ಬೆಳೆಯುವ ಗಿಡ, ಜೂನ್ ಹೊತ್ತಿಗೆ ಕೈ ಎತ್ತುತ್ತೆ ನೋಡ್ತಿರಿ ಎಂದು ತೀರ್ಪು ಕೊಟ್ಟರು. ನನ್ನ ಮುಖ ಸಪ್ಪೆಯಾದದ್ದನ್ನು ನೋಡಿ ಮಾರನೇ ವಾರ ಒಂದು ಕೆಂಪು ಬಾಟಲಿ ತಂದರು. ಅದರಲ್ಲಿ ಸಕ್ಕರೆ ನೀರು ತುಂಬಿ ನೇತುಹಾಕಿದರೆ ಸಾಕು, ಹಕ್ಕಿ ಬಂದೇ ಬರುತ್ತದೆ, ಗಿಡದ ತಾಪತ್ರಯವೇ ಬೇಡ. ನಾನು ರಂಪ ಮಾಡಿದೆ. ಬಾಟಲಿಗೆ ಬಂದರೆ ಅದು ನಮ್ಮ ಗಿಡಕ್ಕೆ ಬಂದ ಹಾಗಲ್ಲ, ನನಗೆ ಗಿಡಕ್ಕೇ ಬರಬೇಕು. ಅಮ್ಮ ಅಪ್ಪನ ಕಡೆ ನೋಡಿ, ನಿಮ್ಮ ಮಗಳೇ ತಾನೇ ಎಂದಳು. ಬಾಟಲಿ ಗರಾಜಿನ ಮೇಲಿನ ಶೆಲ್ಫಿಗೆ ಹೋಯಿತು.

ಆ ವಸಂತದಲ್ಲಿ ಹಕ್ಕಿ ಬರಲಿಲ್ಲ. ದಿನಾ ಸ್ಕೂಲ್ ಬಸ್ ಇಳಿದು ಬ್ಯಾಗು ಬಿಸಾಕಿ ಪ್ಯಾಟಿಯೊದ ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ಗಾಜಿನ ಮೇಲೆ ನನ್ನ ಮೂಗಿನ ಗುರುತು ಉಳಿಯಿತೇ ಹೊರತು ಬೇರೇನೂ ಆಗಲಿಲ್ಲ. ಮೇ ಬರುವ ಹೊತ್ತಿಗೆ ಅಪ್ಪನ ಮಾತು ನಿಜವಾಗತೊಡಗಿತು. ಎಲೆ ಹಳದಿಗಟ್ಟಿ ಉದುರಿದವು, ಮೊಗ್ಗು ಬಿರಿಯುವ ಮೊದಲೇ ಬಿದ್ದವು. ಸಂಜೆ ನೀರು ಹಾಕಿದರೆ ಬೆಳಿಗ್ಗೆ ಹತ್ತಕ್ಕೆ ಮತ್ತೆ ತಲೆ ಬಗ್ಗಿಸಿರುತ್ತಿತ್ತು.

ಅದೇ ಹೊತ್ತಿಗೆ ಅಜ್ಜಿ ಬಂದಳು. ಹಿಂದಿನ ಚಳಿಗಾಲದಲ್ಲಿ ಮೈಸೂರಿನಲ್ಲಿ ತಾತ ತೀರಿಕೊಂಡಿದ್ದರು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಅಪ್ಪನ ಅಪ್ಪ. ಅಜ್ಜಿ ಕೆಲವು ತಿಂಗಳು ಮಗಳ, ಅಂದರೆ ನನ್ನ ಸೋದರತ್ತೆಯ ಮನೆಯಲ್ಲಿದ್ದು, ಅಪ್ಪ ಬಹಳ ಕರೆದ ಮೇಲೆ ಒಬ್ಬಳೇ ವಿಮಾನ ಹತ್ತಿ ಬಂದಿದ್ದಳು. ಅಪ್ಪ ಅವಳಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದರು, ಇಷ್ಟವಿದ್ದರೆ ಇಲ್ಲೇ ಇರಬಹುದಿತ್ತು. ಆದರೂ ಅಜ್ಜಿ ಹಟ ಹಿಡಿದು ಅಕ್ಟೋಬರಿಗೆ ವಾಪಸ್ ಟಿಕೆಟ್ ಮಾಡಿಸಿಕೊಂಡೇ ಬಂದಿದ್ದಳು. ಎತ್ತರದ, ಒಣಕಲು ಹೆಂಗಸು. ಏರ್‌ಪೋರ್ಟಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗ ಸೊರಗವ್ಳೆ, ಏನು ಹಾಕ್ತೀರ ಇವ್ಳಿಗೆ ಎಂದು ಅಮ್ಮನನ್ನು ಕೇಳಿದಳು. ಅಮ್ಮನ ತುಟಿ ಬಿಗಿಯಾದದ್ದು ನನಗೆ ಕಾಣಿಸಿತು.

ಅಜ್ಜಿ ಬರುವ ಮೊದಲು ನಮ್ಮದು ಸದ್ದಿಲ್ಲದ ಮನೆ. ಅಮ್ಮ ಅಪ್ಪ ಇಬ್ಬರೂ ಮೆಡಿಕಲ್ ಸೆಂಟರಿನ ಕಡೆ ಕೆಲಸಕ್ಕೆ ಡ್ರೈವ್ ಮಾಡಿಕೊಂಡು ಹೋದರೆ ಬರುವುದು ಸಂಜೆಗೆ. ಊಟ ಎಂದರೆ ಭಾನುವಾರ ಮಾಡಿಟ್ಟ ಡಬ್ಬಿಗಳು ಒಂದೊಂದಾಗಿ ಮೈಕ್ರೋವೇವಿನಲ್ಲಿ ತಿರುಗುವುದು. ಅವರು ಕನ್ನಡದಲ್ಲಿ ಕೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ, ಹಾಗೇ ನಡೆದುಹೋಗುತ್ತಿತ್ತು. ಅಜ್ಜಿಯ ಮುಂದೆ ನಡೆಯಲಿಲ್ಲ. ಇಂಗ್ಲಿಷಿನಲ್ಲಿ ಮಾತಾಡಿದರೆ ಗೋಡೆಯ ಕಡೆ ನೋಡಿಕೊಂಡು ನೆನೆಸಿದ ಅವರೆಕಾಳು ಹಿಚುಕುತ್ತಿದ್ದಳು, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಬೆಳಿಗ್ಗೆ ಒಗ್ಗರಣೆಯ ವಾಸನೆ ಮಹಡಿ ಹತ್ತಿ ಬಂದು ನನ್ನನ್ನು ಎಬ್ಬಿಸುತ್ತಿತ್ತು. ಮಧ್ಯಾಹ್ನ ಬಸ್ ಇಳಿದರೆ ಬಾಗಿಲು ತೆರೆದು ನಿಂತಿರುತ್ತಿದ್ದಳು, ಬೀಗ ತೆಗೆಯುವ ಕೆಲಸವೇ ಇಲ್ಲ. ಬಿಸಿ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದಳು, ನಾನು ಅಗಿದಾಗ ತಲೆ ಮೊಟಕಿದಳು. ಒಂದೇ ತಿಂಗಳಲ್ಲಿ ನನಗೆ ಈ ಅಜ್ಜಿ ಎಲ್ಲಿಗೂ ಹೋಗಕೂಡದು ಅನ್ನಿಸಿಬಿಟ್ಟಿತು. ಅಷ್ಟು ಜೋರಾಗಿ ನಾನು ಇನ್ನೊಂದನ್ನು ಆಸೆಪಟ್ಟದ್ದು ಆ ಹಕ್ಕಿಯನ್ನು ಮಾತ್ರ.

ಕೆಳಗಿನ ರೂಮು ಅಜ್ಜಿಗೆ ಬಂತು, ಅದಕ್ಕೆ ಸೇರಿದ ಬಚ್ಚಲೂ ಬಂತು. ಶವರ್ ಅವಳಿಗೆ ಸೇರಲಿಲ್ಲ, ಮೇಲಿಂದ ಯಾರೋ ಉಗಿದಂಗೆ ಆಯ್ತದೆ ಎಂದಳು. ಹಾಗಾಗಿ ಟಬ್ಬಿನೊಳಗೆ ಸ್ಟೂಲು, ಬಕೆಟ್ಟು, ಚೊಂಬು. ಇಡೀ ಮನೆಯಲ್ಲಿ ತಂಪಾದ ಜಾಗ ಅದೇ. ಉತ್ತರಕ್ಕೆ ಮಬ್ಬು ಗಾಜಿನ ಕಿಟಕಿ, ಮೇಲೆ ಎಸಿಯ ಗಾಳಿ. ಗಿಡವನ್ನು ಉಳಿಸಬೇಕಾದರೆ ಅಲ್ಲೇ ಇಡಬೇಕು ಎಂದು ಅಮ್ಮ ಲೆಕ್ಕ ಹಾಕಿದಳು, ಕೇಳಲು ಮಾತ್ರ ಅವಳಿಗೆ ಧೈರ್ಯವಾಗಲಿಲ್ಲ. ಅತ್ತೆಯ ಬಚ್ಚಲಲ್ಲಿ ಗಿಡ ಇಡುತ್ತೇನೆ ಎಂದು ಯಾವ ಸೊಸೆ ಹೇಳಿಯಾಳು? ನನ್ನನ್ನು ಕಳಿಸಿದಳು. ನಾನು ಇದ್ದಬದ್ದ ಕನ್ನಡವನ್ನೆಲ್ಲ ಕೂಡಿಸಿ, ಗಿಡಕ್ಕೆ ಬಿಸಿ ಆಗ್ತಿದೆ, ಹಕ್ಕಿ ಬರಬೇಕು, ನಿನ್ನ ಬಚ್ಚಲು ಕೊಡು ಎಂದೆ. ಅಜ್ಜಿ ಸ್ವಲ್ಪ ಹೊತ್ತು ಬುಟ್ಟಿಯನ್ನೇ ನೋಡಿದಳು. ಇರ್ಲಿ ಬುಡು, ನಂಗೂ ಒಬ್ರು ಜೊತೆ ಆಯ್ತು ಎಂದಳು. ಮಾರನೆಯ ಬೆಳಿಗ್ಗೆಯಿಂದ ಬಚ್ಚಲಿನಲ್ಲಿ ನೀರಿನ ಸದ್ದಿನ ಜೊತೆ ಮಾತಿನ ಸದ್ದೂ ಕೇಳಿಸತೊಡಗಿತು. ಮೈಸೂರಿನ ಸುದ್ದಿಯೆಲ್ಲ ಗಿಡಕ್ಕೆ ಹೋಗುತ್ತಿತ್ತು.

ಜುಲೈನಲ್ಲಿ ಒಂದು ದಿನ ಸಮ್ಮರ್ ಕ್ಯಾಂಪಿನಿಂದ ಬಂದು ಬಚ್ಚಲಿಗೆ ಹೋಗಿ ನೋಡುತ್ತೇನೆ, ಗಿಡದ ಎಲ್ಲ ಕುಡಿಗಳೂ ಮಾಯ. ಅಜ್ಜಿಯ ಅಂಗೈಯಲ್ಲಿ ಎಳೆ ಚಿಗುರಿನ ಗುಡ್ಡೆ. ನಾನು ಕಿರುಚಿದ್ದು ಪಕ್ಕದ ಮನೆಯ ನಾಯಿಗೂ ಕೇಳಿಸಿ ಅದೂ ಬೊಗಳಿತು. ಸೇವಂತಿಗೆಗೆ ಮಾಡುವ ಹಾಗೆ ಕುಡಿ ಚಿವುಟಿದ್ದೀನಿ, ಚಿವುಟಿದ ಕಡೆ ಎರಡೆರಡು ಕವಲು ಒಡೀತದೆ, ಅಳಬ್ಯಾಡ ಎಂದು ಅಜ್ಜಿ ಎಷ್ಟು ಹೇಳಿದರೂ ನಾನು ಊಟ ಮಾಡಲಿಲ್ಲ. ಅವಳು ಮಾಡಿದ್ದೆಲ್ಲ ಸರಿಯಾಗಿಯೂ ಇರುತ್ತಿರಲಿಲ್ಲ. ಅದಕ್ಕೂ ಮುಂಚೆ ಗಿಡ ತಂಪಾಗಿರಲಿ ಎಂದು ಬುಡಕ್ಕೆ ಮಜ್ಜಿಗೆ ಹೊಯ್ದು ಬಚ್ಚಲ ತುಂಬ ಸಣ್ಣ ನೊಣ ಎಬ್ಬಿಸಿದ್ದಳು, ಅಮ್ಮ ಒಂದು ವಾರ ಮೂಗು ಮುಚ್ಚಿಕೊಂಡು ಓಡಾಡಿದ್ದಳು. ಆದರೆ ಕುಡಿಯ ವಿಷಯದಲ್ಲಿ ಅಜ್ಜಿ ಗೆದ್ದಳು. ಮೂರು ವಾರದೊಳಗೆ ಗಿಡ ದುಂಡಗಾಗಿ ಪೊದೆಯಂತೆ ತುಂಬಿಕೊಂಡಿತು, ಪ್ರತಿ ಕವಲಿಗೂ ಅಕ್ಕಿಕಾಳಿನಷ್ಟು ಮೊಗ್ಗು. ನಾನು ಟಬ್ಬಿನ ಅಂಚಿನ ಮೇಲೆ ಹತ್ತಿ ಕುಣಿದೆ, ಜಾರಿ ಬಿದ್ದೆ, ಬಿದ್ದಲ್ಲೇ ನಕ್ಕೆ. ಕುಡಿ, ಕವಲು, ಮೊಗ್ಗು, ಬುಡ, ಎಲ್ಲ ಮಾತೂ ನನಗೆ ಬಂದದ್ದು ಆ ಬಚ್ಚಲಿನಲ್ಲೇ.

ಆಗಸ್ಟಿನ ಒಂದು ಭಾನುವಾರ ಉಪ್ಪಿಟ್ಟು ತಿನ್ನುತ್ತಾ ಅಪ್ಪ ಮತ್ತೆ ಟಿಕೆಟಿನ ಮಾತು ತೆಗೆದರು. ಕ್ಯಾನ್ಸಲ್ ಮಾಡಿಬಿಡೋಣ, ಇಲ್ಲೇ ಇದ್ದುಬಿಡು ಎಂದರು. ಅಜ್ಜಿ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ ಮಾತು ಇದು:

“ಪಕ್ಷದ ಹಬ್ಬಕ್ಕೆ ಇಲ್ಲೇ ಎಡೆ ಇಡನ ಕಣ್ಲಾ ಚಂದ್ರು. ನಿಮ್ಮಪ್ಪ ಇಲ್ಲಿಗೆ ಬಂದು ಉಂಡ್ರೆ ನಾನೂ ಇಲ್ಲೇ ಇದ್ಬುಡ್ತೀನಿ. ಉಣ್ಣಲಿಲ್ಲ ಅಂದ್ರೆ ಈ ಊರು ಅವ್ರಿಗೆ ಒಗ್ಗಲಿಲ್ಲ ಅಂತ. ಆಗ ನನ್ನ ಹಿಡ್ಕಬ್ಯಾಡಿ.”

ಪಕ್ಷದ ಹಬ್ಬ ಎಂದರೆ ನಮ್ಮಲ್ಲಿ ಸತ್ತ ಹಿರಿಯರಿಗೆ ಊಟ ಬಡಿಸುವ ದಿನ. ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ ಫೋಟೋದ ಮುಂದೆ ಎಡೆ ಇಡುತ್ತಾರೆ, ಆಮೇಲೆ ಒಂದು ಎಲೆಯನ್ನು ಹೊರಗಿಡುತ್ತಾರೆ. ಹೋದವರು ಕಾಗೆಯಾಗಿ ಬಂದು ಅದನ್ನು ಮುಟ್ಟಬೇಕು. ಮುಟ್ಟಿದರೆ ಉಂಡರು ಎಂದು ಅರ್ಥ. ಮುಟ್ಟುವ ತನಕ ಮನೆಯವರು ಬಾಯಿಗೆ ಏನೂ ಹಾಕುವ ಹಾಗಿಲ್ಲ. ಅಪ್ಪ ನಕ್ಕು ಆಗಲಿ ಎಂದರು. ನನಗೆ ನಗು ಬರಲಿಲ್ಲ. ಒಂದು ಕಾಗೆಯ ಮೇಲೆ ಅಜ್ಜಿ ಇರುವುದು ಹೋಗುವುದು ನಿಂತಿದೆ ಎಂದರೆ ಏನು ಆಟವೇ? ನಮ್ಮ ಬೀದಿಯಲ್ಲಿ ನಾನು ಸರಿಯಾದ ಒಂದು ಕಾಗೆಯನ್ನೂ ಕಂಡಿರಲಿಲ್ಲ.

ಅಜ್ಜಿಗೂ ಅದು ಗೊತ್ತಿತ್ತು. ಅದಕ್ಕೇ ಮಾರನೇ ದಿನದಿಂದ ಪ್ಯಾಟಿಯೊದ ಅಂಚಿಗೆ ಒಂದು ಹಿಡಿ ಅನ್ನ ಹಾಕತೊಡಗಿದಳು. ಹಬ್ಬದ ಹೊತ್ತಿಗೆ ಹಕ್ಕಿಗಳಿಗೆ ಈ ಮನೆಯ ಗುರುತು ಹತ್ತಬೇಕಂತೆ. ಬಂದವು ಗ್ರ್ಯಾಕಲ್ಲುಗಳು. ಇಲ್ಲಿ ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ಸಂಜೆ ಸಾವಿರಗಟ್ಟಲೆ ಕೂತು ಕಿರುಗುಟ್ಟುತ್ತವಲ್ಲ, ಕಾಗೆಗಿಂತ ಸಪೂರ, ಉದ್ದ ಬಾಲ, ಹಳದಿ ಕಣ್ಣು, ಅವೇ. ಇದು ಕಾಗೆಯೋ ಅಲ್ಲವೋ ಎಂದು ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಹ್ಯೂಸ್ಟನ್ನಿನ ಆಚೆ ಬದಿಯ ಫುಲ್‌ಶೀರ್‌ನಲ್ಲಿದ್ದ ನಂಜುಂಡಪ್ಪ ಅಂಕಲ್ ಅಪ್ಪನ ಊರಿನ ಕಡೆಯವರು, ಇಲ್ಲಿಗೆ ಬಂದು ಬಹಳ ವರ್ಷವಾಗಿತ್ತು. ಅವರು ಫೋನಿನಲ್ಲೇ, ಇಲ್ಲಿ ಗ್ರ್ಯಾಕಲ್ಲೇ ಕಾಗೆ, ನಮ್ಮನೆ ಹಿರೀಕರು ಅದ್ರಲ್ಲೇ ಬರೋದು ಎಂದು ಇತ್ಯರ್ಥ ಮಾಡಿದರು. ಅಜ್ಜಿಗೆ ಸಮಾಧಾನವಾಯಿತು. ಆದರೆ ಆಗಸ್ಟ್ ಕೊನೆಗೆ ನಾವು ಗಿಡವನ್ನು ಬೆಳಗಿನ ಹೊತ್ತು ಪ್ಯಾಟಿಯೊದ ನೆರಳಿನ ಕೊಕ್ಕೆಗೆ ತೂಗುಹಾಕತೊಡಗಿದ್ದೆವು. ಅನ್ನ ಉಂಡ ಗ್ರ್ಯಾಕಲ್ಲುಗಳು ಕೈ ತೊಳೆಯಲು ಬಂದವರಂತೆ ಬುಟ್ಟಿಯ ಮೇಲೆ ಕೂರುತ್ತಿದ್ದವು. ಒಂದು ಬೆಳಿಗ್ಗೆ ಮೊಗ್ಗು ತುಂಬಿದ ಎರಡು ಕೊಂಬೆ ಲಟಕ್ಕನೆ ಮುರಿದು ಸಿಮೆಂಟಿನ ಮೇಲೆ ಬಿದ್ದಿದ್ದವು. ಹಮ್ಮಿಂಗ್‌ಬರ್ಡುಗಳು ದಕ್ಷಿಣಕ್ಕೆ ಹೊರಡುವ ಕಾಲ ಅದೇ. ನಾನು ಹುಚ್ಚು ಹಿಡಿದವಳ ಹಾಗೆ ಅತ್ತೆ.

ಅಪ್ಪನಿಗೆ ನನ್ನ ಅಳು ತಡೆಯಲಾಗುತ್ತಿರಲಿಲ್ಲ. ಅದೇ ಸಂಜೆ ಒಂದು ಪ್ಲಾಸ್ಟಿಕ್ ಗೂಬೆ ತಂದರು. ಗಾಳಿಗೆ ಅದರ ತಲೆ ತಾನಾಗಿ ತಿರುಗುತ್ತದೆ, ಕಣ್ಣು ಬಿಸಿಲಿಗೆ ಮಿನುಗುತ್ತದೆ, ಯಾವ ಹಕ್ಕಿಯೂ ಹತ್ತಿರ ಸುಳಿಯುವುದಿಲ್ಲ ಎಂದು ಡಬ್ಬದ ಮೇಲೆ ಬರೆದಿತ್ತು. ಹಮ್ಮಿಂಗ್‌ಬರ್ಡ್ ಗೂಬೆಗೆಲ್ಲ ಹೆದರುವ ಪೈಕಿ ಅಲ್ಲ ಎಂದು ನಾನು ಪುಸ್ತಕ ಓದಿದವಳ ಗತ್ತಿನಲ್ಲಿ ಭರವಸೆ ಕೊಟ್ಟೆ. ಪ್ಯಾಟಿಯೊ ಸೂರಿನ ತುದಿಯಲ್ಲಿ ಗೂಬೆ ಕೂತಿತು. ಕಾಫಿ ಲೋಟ ಹಿಡಿದು ಹೊರಗೆ ಬಂದ ಅಜ್ಜಿ ತಲೆ ಎತ್ತಿದವಳು ಹಾಗೇ ನಿಂತಳು.

“ಮನೆ ಮೇಲೆ ಗೂಬೆ ಕೂತ್ರೆ ಜನ ಮನೇನೇ ಬುಟ್ಟು ಹೋಯ್ತಾರೆ. ಇವ್ನು ದುಡ್ಡು ಕೊಟ್ಟು ತಂದು ಕೂರಿಸವ್ನೆ.”

ರಾತ್ರಿಯ ಊಟಕ್ಕೆ ಆ ಜಗಳವೇ ಸಾರಾಯಿತು. ಪ್ಲಾಸ್ಟಿಕ್ಕಿಗೆ ಯಾವ ಅಪಶಕುನ ಎಂದು ಅಪ್ಪ. ಶಕುನ ಹಾಳಾಗಲಿ, ಗುರುತು ಮಾಡಿಕೊಂಡಿದ್ದ ಹಕ್ಕಿಗಳನ್ನೆಲ್ಲ ಓಡಿಸಿದೆಯಲ್ಲ, ನಿಮ್ಮಪ್ಪ ಹೆಂಗೆ ಬಂದಾರು ಎಂದು ಅಜ್ಜಿ. ಗೂಬೆ ಇರಲೇಬೇಕು, ಇಲ್ಲದಿದ್ದರೆ ಗಿಡ ಉಳಿಯುವುದಿಲ್ಲ ಎಂದು ನಾನು. ಅಮ್ಮ ಸಾರಿನ ಸೌಟು ಹಿಡಿದು ಒಬ್ಬೊಬ್ಬರ ಮುಖ ನೋಡಿದಳು. ಕೊನೆಗೆ ಅವಳೇ ರಾಜಿ ಮಾಡಿದಳು, ಗೂಬೆ ಹಬ್ಬದ ಹಿಂದಿನ ದಿನದವರೆಗೆ ಇರಲಿ, ಹಬ್ಬದ ದಿನ ಇಳಿಸೋಣ. ಅಜ್ಜಿ ಒಪ್ಪಿದಳು, ನನ್ನ ಜೊತೆ ಮಾತ್ರ ಎರಡು ದಿನ ಮಾತಾಡಲಿಲ್ಲ. ಬಾಗಿಲು ತೆರೆದು ನಿಂತಿರುತ್ತಿದ್ದಳು, ತಟ್ಟೆಗೆ ಬಡಿಸುತ್ತಿದ್ದಳು, ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಆ ಎರಡು ದಿನ ಮನೆ ಮತ್ತೆ ಹಳೆಯ ಮನೆಯಾಗಿತ್ತು, ನನಗೆ ಸಹಿಸಲಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಬಿಸಿಲಿನ ಕಾವು ಇಳಿದು ಗಿಡ ದಿನವಿಡೀ ಹೊರಗೇ ಇತ್ತು. ಹೂಬಿಟ್ಟಿತು ನೋಡಿ, ಅಬ್ಬಾ! ಎಲೆ ಕಾಣದಷ್ಟು ಹೂವು. ಬುಟ್ಟಿಯ ಸುತ್ತ ಕೆಂಪು ನೇರಳೆಯ ಜುಮ್ಕಿಗಳು ಇಳಿಬಿದ್ದು ಸಣ್ಣ ಗಾಳಿಗೂ ಎಲ್ಲ ಒಟ್ಟಿಗೆ ತೂಗುತ್ತಿದ್ದವು. ದಾರಿಯಲ್ಲಿ ನಾಯಿ ನಡೆಸುವವರು ಬೇಲಿಯ ಮೇಲಿಂದ ಕತ್ತು ಚಾಚಿ ಯಾವ ಹೂವೆಂದು ಕೇಳಿ ಹೋಗುತ್ತಿದ್ದರು. ಅಜ್ಜಿ ಸಂಜೆ ಕುರ್ಚಿ ಹಾಕಿಕೊಂಡು ಗೂಬೆಗೆ ಬೆನ್ನು ಮಾಡಿ ಹೂವಿನ ಕಡೆ ಮುಖ ಮಾಡಿ ಕೂರುತ್ತಿದ್ದಳು. ಹಕ್ಕಿಯ ಸುಳಿವಿಲ್ಲ. ಅಕ್ಟೋಬರ್ ಹತ್ತಿರವಾಗುತ್ತಿತ್ತು. ಆಮೇಲೆ ಹಕ್ಕಿಗಳು ಸಮುದ್ರ ದಾಟಿರುತ್ತವೆ, ಅಜ್ಜಿಯೂ ದಾಟಿರುತ್ತಾಳೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಗಾಜಿನ ಬಾಗಿಲಿಗೆ ಓಡುತ್ತಿದ್ದೆ.

ಹಬ್ಬದ ದಿನ ಬೆಳಿಗ್ಗೆ ಮನೆ ಮದುವೆಮನೆಯ ಹಾಗಿತ್ತು. ಹಿಂದಿನ ಬೇಲಿಯ ಪಕ್ಕ ಬೆಳೆದಿದ್ದ ಬಾಳೆಯಿಂದ ಅಪ್ಪ ಎಲೆ ಕೊಯ್ದರು. ಅಮ್ಮ ವಡೆ ತಟ್ಟಿದಳು, ಅಜ್ಜಿ ಬೆಲ್ಲದ ಪಾಕದ ಹದ ನೋಡಿ ಕಜ್ಜಾಯ ಕರಿದಳು, ಅಪ್ಪ ಕಣ್ಣು ಒರೆಸಿಕೊಳ್ಳುತ್ತಾ ಈರುಳ್ಳಿ ಹೆಚ್ಚಿ ಮಟನ್ ಸಾರಿಗೆ ಕೂತರು. ಹೊಗೆಗೆ ಸ್ಮೋಕ್ ಅಲಾರಂ ಎರಡು ಸಲ ಕೂಗಿತು, ನಾನು ಕುರ್ಚಿ ಹತ್ತಿ ಅದಕ್ಕೆ ಪೇಪರಿನಿಂದ ಗಾಳಿ ಹಾಕಿದೆ. ನಂಜುಂಡಪ್ಪ ಅಂಕಲ್ ಮತ್ತು ಅವರ ಹೆಂಡತಿ ಲತಾ ಆಂಟಿ ಫುಲ್‌ಶೀರ್‌ನಿಂದ ಬಂದರು. ತಾತನ ಫೋಟೋಗೆ ಹಾರ, ಮುಂದೆ ಹೊಸ ಪಂಚೆ, ಶರ್ಟು, ಮುದ್ದೆ, ಸಾರು, ಕಜ್ಜಾಯ, ವಡೆ, ಒಂದು ಪುಟ್ಟ ಲೋಟದಲ್ಲಿ ಬ್ರಾಂದಿ. ಅಂಕಲ್ ಜೇಬಿನಿಂದ ಸಿಗರೇಟು ತೆಗೆದು ಅದನ್ನೂ ಇಟ್ಟರು, ಬೀಡಿ ಸಿಗಲಿಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ ಅಣ್ಣ ಎಂದು ಫೋಟೋಗೆ ಹೇಳಿದರು. ಪೂಜೆ ಮುಗಿದ ಮೇಲೆ ಅಜ್ಜಿ ಒಂದು ಎಲೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿ, ಪ್ಯಾಟಿಯೊದಲ್ಲಿ ಸ್ಟೂಲಿನ ಮೇಲಿಟ್ಟು, ಕೈ ಮುಗಿದು ಒಳಗೆ ಬಂದಳು. ನಾವು ಆರು ಜನ ಗಾಜಿನ ಬಾಗಿಲಿನ ಹಿಂದೆ ಸಾಲಾಗಿ ನಿಂತೆವು.

ಯಾವುದೂ ಬರಲಿಲ್ಲ. ಗಂಟೆ ಹನ್ನೆರಡಾಯಿತು, ಒಂದಾಯಿತು. ಅಂಕಲ್ ಹೊಟ್ಟೆ ಸದ್ದು ಮಾಡಿತು, ಆಂಟಿ ಅವರನ್ನು ಮೊಣಕೈಯಿಂದ ತಿವಿದರು. ಅಪ್ಪ ಹೊರಗೆ ಹೋಗಿ ಕಾ ಕಾ ಎಂದು ಕರೆದು ನೋಡಿದರು, ಬೇಲಿಯಾಚೆಯ ಮನೆಯವರು ಕಿಟಕಿಯಿಂದ ಇಣುಕಿದರು. ಅಜ್ಜಿ ಬೆಳಿಗ್ಗೆಯಿಂದ ಕಾಫಿಯನ್ನೂ ಕುಡಿದಿರಲಿಲ್ಲ. ಅವಳ ಮುಖ ನಿಧಾನವಾಗಿ ಬಾಡುವುದನ್ನು ನಾನು ನೋಡುತ್ತಿದ್ದೆ. ಬರಾಕಿಲ್ಲ ಅವ್ರು, ನಂಗೊತ್ತಿತ್ತು ಎಂದು ತನಗೇ ಹೇಳಿಕೊಂಡಳು. ಆಗ ಸೂರಿನ ತುದಿಯಲ್ಲಿ ಏನೋ ಕಿರ್ ಎಂದಿತು. ಗೂಬೆ! ಅಡುಗೆಯ ಗಡಿಬಿಡಿಯಲ್ಲಿ ಅದನ್ನು ಇಳಿಸುವುದನ್ನೇ ಎಲ್ಲರೂ ಮರೆತಿದ್ದರು. ಎಲೆಯ ನೆತ್ತಿಯ ಮೇಲೆಯೇ ಕೂತು ತಲೆ ತಿರುಗಿಸುತ್ತಿತ್ತು ಮಹರಾಯ. ಅಪ್ಪ ನನ್ನ ಮುಖ ನೋಡಿದರು. ಗ್ರ್ಯಾಕಲ್ಲು ಬಂದರೆ ಗಿಡದ ಗತಿ ಏನೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಯಾರಿಗೂ ಕಾಯಲಿಲ್ಲ. ಕುರ್ಚಿ ಎಳೆದು ಹತ್ತಿ, ಗೂಬೆಯನ್ನು ಕಿತ್ತು ಎರಡೂ ಕೈಯಲ್ಲಿ ತಬ್ಬಿಕೊಂಡು ಗರಾಜಿಗೆ ಓಡಿದೆ. ಮುರಿದರೆ ಮುರಿಯಲಿ ಎಂದು ಓಡುತ್ತಲೇ ಅಂದುಕೊಂಡೆ, ಕಣ್ಣು ತುಂಬಿ ಮುಂದೆ ಏನೂ ಕಾಣುತ್ತಿರಲಿಲ್ಲ.

ವಾಪಸ್ ಬರುವ ಹೊತ್ತಿಗೆ ಬೇಲಿಯ ಮೇಲೆ ಒಂದು ಗ್ರ್ಯಾಕಲ್. ಎಲ್ಲರೂ ಗಾಜಿಗೆ ಮೂಗು ಒತ್ತಿದ್ದರು. ಅದು ಬೇಲಿಯಿಂದ ಹುಲ್ಲಿಗೆ ಇಳಿಯಿತು, ಹುಲ್ಲಿನಿಂದ ಸಿಮೆಂಟಿಗೆ ಬಂತು, ಕತ್ತು ಓರೆ ಮಾಡಿ ಎಲೆಯನ್ನು ನೋಡಿತು. ಅಜ್ಜಿಯ ಕೈ ನನ್ನ ಭುಜದ ಮೇಲಿತ್ತು. ಗ್ರ್ಯಾಕಲ್ ಸ್ಟೂಲಿನ ಅಂಚಿಗೆ ಹಾರಿ ಕೂತಿತು. ವಡೆಗೂ ಅದರ ಕೊಕ್ಕಿಗೂ ಒಂದು ಗೇಣು. ಅದೇ ಕ್ಷಣ ನನ್ನ ಕಣ್ಣಿನ ಮೂಲೆಯಲ್ಲಿ ಒಂದು ಹೂವು ತೂಗಿತು. ಗಾಳಿ ಆಗಲೇ ನಿಂತಿತ್ತು. ಹಸಿರು ಬೆನ್ನು, ಬಿಳಿ ಹೊಟ್ಟೆ, ಸೂಜಿಯಂಥ ಕೊಕ್ಕು ಹೂವಿನೊಳಗೆ, ರೆಕ್ಕೆಯಿರಬೇಕಾದ ಕಡೆ ಬರೀ ಮಬ್ಬು. ಬಂದಿತ್ತು! ನಮ್ಮ ಗಿಡಕ್ಕೇ ಬಂದಿತ್ತು! ಕೂಗಿದರೆ ಗ್ರ್ಯಾಕಲ್ ಹಾರುತ್ತದೆ, ಕೂಗದಿದ್ದರೆ ನನ್ನ ಎದೆ ಒಡೆಯುತ್ತದೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತ ಜಾಗದಲ್ಲೇ ಕುಪ್ಪಳಿಸಿದೆ. ಹಕ್ಕಿ ಒಂದು ಹೂವಿನಿಂದ ಇನ್ನೊಂದಕ್ಕೆ ಹೋಯಿತು, ಹಿಂದಕ್ಕೆ ಸರಿದು ಗಾಳಿಯಲ್ಲಿ ನಿಂತಿತು, ಕೆಳಗೆ ಕೂತ ಕರಿ ಹಕ್ಕಿಯನ್ನು ನೋಡಿತು. ಆಮೇಲೆ ಬಾಣದ ಹಾಗೆ ಅದರ ತಲೆಯ ಮೇಲೆ ಎರಗಿತು.

ಗ್ರ್ಯಾಕಲ್ ಕಿರ್ರೆಂದು ಕತ್ತು ತಗ್ಗಿಸಿ, ರೆಕ್ಕೆ ಬಡಿದು, ಎಲೆ ಮುಟ್ಟದೆ ಬೇಲಿಗೆ ಹಾರಿತು. ಸುಧಾರಿಸಿಕೊಂಡು ಮತ್ತೆ ಇಳಿಯಿತು. ಹಮ್ಮಿಂಗ್‌ಬರ್ಡ್ ಮತ್ತೆ ಎರಗಿತು. ತನ್ನ ಹತ್ತರಷ್ಟು ದೊಡ್ಡದನ್ನು ಬೇಲಿ ದಾಟಿಸಿ, ಪಕ್ಕದ ಮನೆಯ ಚಾವಣಿ ದಾಟಿಸಿ, ಏನೂ ಆಗಿಲ್ಲವೆಂಬಂತೆ ಬಂದು ಹೂವಿಗೆ ಕೊಕ್ಕಿಟ್ಟಿತು. ವಸಂತದಿಂದ ನಾನು ಕಾದ ಹಕ್ಕಿ ಬಂದು ನನ್ನ ಅಜ್ಜಿಯ ಎಡೆಯನ್ನೇ ಕೆಡಿಸಿತ್ತು. ಅಮ್ಮ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅಂಕಲ್ ಗಂಟಲು ಸರಿಮಾಡಿಕೊಂಡು, ಹಂಗ್ಯಾಕೆ ನೋಡ್ತೀರ, ಅಣ್ಣಾನೇ ಈ ರೂಪದಲ್ಲಿ ಬಂದವ್ರೆ, ಇನ್ನು ಊಟಕ್ಕೆ ಕೂರಬಹುದು ಎಂದು ನೋಡಿದರು. ಅದು ಆಗುವಂತಿರಲಿಲ್ಲ. ಪುಸ್ತಕ ಓದಿದವಳು ನಾನು, ಸುಳ್ಳು ಹೇಳಲು ಬರಲಿಲ್ಲ.

“ಅದು ಹೆಣ್ಣು, ಅಂಕಲ್. ಗಂಡಿಗೆ ಕತ್ತು ಕೆಂಪಗಿರುತ್ತೆ.”

ಅಜ್ಜಿ ಸರಕ್ಕನೆ ನನ್ನ ಕಡೆ ತಿರುಗಿದಳು.

“ಹೆಣ್ಣಾ?”

ಹೂಂ ಎಂದೆ. ಅಜ್ಜಿ ಮತ್ತೆ ಹೊರಗೆ ನೋಡಿದಳು. ಮೊದಲು ಅವಳ ಭುಜ ಅಲುಗಿತು, ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ತಾತ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲವಂತೆ, ಅಪ್ಪ ಆಮೇಲೆ ಹೇಳಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಎಲಾ ಇವ್ಳ, ಇವ್ಳ ಧೈರ್ಯವೇ ಎಂದಳು. ಬಾಗಿಲು ಸರಿಸಿ ಮೆಲ್ಲಗೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಹಕ್ಕಿ ಹೆದರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಯಾವಾಗ್ಲೂ ಇಲ್ಲೇ ಇರ್ತದಾ ಎಂದು ಕೇಳಿದಳು. ಇಲ್ಲ, ಇನ್ನೇನು ಹೊರಡುತ್ತೆ, ಸಮುದ್ರ ದಾಟಿ ಹೋಗಿ ವಸಂತಕ್ಕೆ ಮತ್ತೆ ಬರುತ್ತೆ ಎಂದೆ. ಗುಂಪಲ್ಲಿ ಹೋಯ್ತವಾ ಎಂದಳು. ಇಲ್ಲ ಅಜ್ಜಿ, ಒಂದೊಂದೇ ಹೋಗುತ್ತೆ ಎಂದೆ. ನಾನೂ ಹಂಗೇ ಒಬ್ಳೇ ದಾಟ್ಕೊಂಡು ಬಂದೆ ಎಂದಳು ಅಜ್ಜಿ. ಹಕ್ಕಿ ಕೆಳಗಿನ ಹೂಗಳನ್ನು ಮುಗಿಸಿ ಮೇಲಿನವಕ್ಕೆ ಹೋಯಿತು. ಒಳಗೆ ಸಾರು ಆರುತ್ತಿತ್ತು. ಎಲೆಯನ್ನು ಇನ್ನೂ ಯಾವ ಕಾಗೆಯೂ ಮುಟ್ಟಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, ಅಮ್ಮಾ, ಈಗೇನು ಮಾಡೋಣ ಎಂದು ಮೆಲ್ಲಗೆ ಕೇಳಿದರು.

ಅಜ್ಜಿ ಹಕ್ಕಿಯಿಂದ ಕಣ್ಣು ತೆಗೆಯಲಿಲ್ಲ.

“ಎಲ್ರಿಗೂ ಬಡ್ಸು ಚಂದ್ರು, ಮಗ ಹಸ್ಕೊಂಡವ್ಳೆ. ನಿಮ್ಮಪ್ಪ ಯಾವಾಗ ಬರ್ತಾರೋ ಬರ್ಲಿ. ನಾನು ಇಲ್ಲೇ ಇರ್ತೀನಲ್ಲ.”